ಅಣ್ಣನ ಚರಿತ್ರೆ, ತಮ್ಮನ ಲೆಕ್ಕ: ಕೊಡಗಿನ ಜಗಳಗಳ ಹಿಂದಿರುವ ಕಾಗದಗಳು

ಕೊಡಗಿನಲ್ಲಿ ಯಾವ ಹಕ್ಕಿನ ಮಾತು ಎದ್ದರೂ ಎರಡನೇ ದಿನಕ್ಕೆ ಒಂದು ಹಳೇ ಕಾಗದ ಹೊರಗೆ ಬರುತ್ತದೆ. ಜಮ್ಮಾ ಬಾಣೆ (ರಾಜರ ಕಾಲದಿಂದ ಗದ್ದೆಯ ಜೊತೆ ಬಂದ ಗುಡ್ಡದ ಜಾಗ) ಅಂದರೆ ಲಿಂಗರಾಜನ ‘ಶಿಸ್ತು’, ಆ ರಾಜ ಬರೆಸಿದ ಭೂಮಿಯ ಲೆಕ್ಕ. ಕೋವಿ ಅಂದರೆ 1861ರ ಆದೇಶ. ಸ್ವಾಯತ್ತ ಕೊಡವ ಲ್ಯಾಂಡ್ ಅಂದರೆ 1956ರಲ್ಲಿ ಮೈಸೂರಿನ ಜೊತೆ ಆದ ವಿಲೀನ. ಪ್ರತ್ಯೇಕ ಲೋಕಸಭಾ ಸೀಟು ಅಂದರೆ 1952ರ ಚುನಾವಣೆ. ಹೊರಗಿನವರಿಗೆ ಇದು ಇತಿಹಾಸದ ಹುಚ್ಚು ಅನ್ನಿಸಬಹುದು. ಹಾಗೇನಿಲ್ಲ. ಬ್ಯಾಂಕ್ ಸಾಲ ಸಿಗುತ್ತದೋ ಇಲ್ಲವೋ, ತೋಟದ ಮರ ಕಡಿಯಬಹುದೋ ಇಲ್ಲವೋ, ಮನೆಯ ಕೋವಿಗೆ ಲೈಸನ್ಸ್ ಬೇಕೋ ಬೇಡವೋ, ಇವೆಲ್ಲ ಆ ಕಾಗದಗಳ ಮೇಲೇ ನಿಂತಿವೆ.

ಆದರೆ ಆ ಕಾಗದ ಬರೆದವರು ಯಾರು, ಯಾಕೆ ಬರೆದರು ಅಂತ ಕೇಳುವವರು ಕಡಿಮೆ. ಬರೆದವರೆಲ್ಲ ಅಧಿಕಾರದಲ್ಲಿದ್ದವರು, ಇಲ್ಲವೇ ಅಧಿಕಾರದ ಹತ್ತಿರ ಇದ್ದವರು. ಒಬ್ಬೊಬ್ಬರಿಗೂ ಒಂದೊಂದು ಗರಜು ಇತ್ತು. ಅದನ್ನು ತಿಳಿಯದೆ ಈಗಿನ ಜಗಳ ಅರ್ಥವಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಶುರು ಮಾಡಬೇಕಾದ್ದು ಕೊಡಗನ್ನು ಆಳಿದ ಹಾಲೇರಿ ಮನೆತನದ ಇಬ್ಬರು ಅಣ್ಣತಮ್ಮಂದಿರಿಂದ.

ಅಣ್ಣ ದೊಡ್ಡ ವೀರರಾಜೇಂದ್ರ. ಚಿಕ್ಕಂದಿನಲ್ಲೇ ಸೆರೆ ಕಂಡವನು. ಹೈದರಾಲಿ ಹಾಲೇರಿ ಮನೆತನದ ಮಕ್ಕಳನ್ನು ಹಿಡಿದು ಗೊರೂರಿನಲ್ಲಿ ಇರಿಸಿದ, ಆಮೇಲೆ ಟಿಪ್ಪುವಿನ ಕಾಲದಲ್ಲಿ ಅವರನ್ನು ಪಿರಿಯಾಪಟ್ಟಣಕ್ಕೆ ಸಾಗಿಸಿದರು. 1788ರ ಡಿಸೆಂಬರಿನಲ್ಲಿ ಈತ ಅಲ್ಲಿಂದ ತಪ್ಪಿಸಿಕೊಂಡು ಕೊಡಗಿಗೆ ಬಂದ, ಕೊಡವರು ಜೊತೆಗೆ ನಿಂತರು, ಕಳೆದುಹೋಗಿದ್ದ ನಾಡನ್ನು ಮರಳಿ ಹಿಡಿದ. 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಜೊತೆ ಒಪ್ಪಂದ ಆಯಿತು. ಮರುವರ್ಷ ಶ್ರೀರಂಗಪಟ್ಟಣದ ಕಡೆ ಹೊರಟಿದ್ದ ಬೊಂಬಾಯಿ ಸೈನ್ಯಕ್ಕೆ ಕೊಡಗಿನ ಘಾಟಿಯಲ್ಲಿ ದಾರಿ, ದವಸ, ದನ ಎಲ್ಲ ಒದಗಿಸಿದ. ಆ ಸೈನ್ಯದ ಜನರಲ್ ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗೇ 1792ರಲ್ಲಿ ವೀರರಾಜೇಂದ್ರಪೇಟೆ ಕಟ್ಟಿಸಿದ. ಈಗ ನಾವು ಸಂತೆಗೆ ಹೋಗುವ ವಿರಾಜಪೇಟೆ ಅದೇ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯೂ ಅದೇ ಕಾಲದ್ದು. ಕಾಡಿನೊಳಗೆ ಅಂಥ ಜಾಗದಲ್ಲಿ ಅರಮನೆ ಕಟ್ಟಿದ್ದನ್ನು ನೋಡಿದರೇ ಸಾಕು, ಈ ಮನುಷ್ಯನಿಗೆ ಮತ್ತೆ ಸೆರೆ ಬೀಳುವ ಭಯ ಎಷ್ಟಿತ್ತು ಅಂತ ಗೊತ್ತಾಗುತ್ತದೆ.

ಇಂಥವನು ಒಂದು ಪುಸ್ತಕವನ್ನೂ ಮಾಡಿಸಿದ. ‘ರಾಜೇಂದ್ರನಾಮೆ’. 1633ರಿಂದ 1807ರವರೆಗಿನ ತನ್ನ ಮನೆತನದ ಚರಿತ್ರೆ, ಕನ್ನಡದಲ್ಲಿ. ಕೈಯಾರೆ ಬರೆದನೋ ಹೇಳಿ ಬರೆಸಿದನೋ, ಏನೇ ಇರಲಿ, ಮಾತು ಅವನದು, ಲೆಕ್ಕಾಚಾರ ಅವನದು. ಯುದ್ಧಗಳಿವೆ, ಹೈದರ್ ಮತ್ತು ಟಿಪ್ಪು ಇದ್ದಾರೆ, ಕಂಪನಿಯ ಸ್ನೇಹ ಎದ್ದು ಕಾಣುತ್ತದೆ. ಹಾಲೇರಿಯವರು ಇಕ್ಕೇರಿ ಕಡೆಯಿಂದ ಜಂಗಮ ವೇಷದಲ್ಲಿ ಬಂದವರು ಅನ್ನುವ ಕಥೆ ಜನರ ಬಾಯಲ್ಲಿತ್ತು, ಇವತ್ತಿಗೂ ಇದೆ. ರಾಜರು ವೀರಶೈವರು, ಆಳಿಸಿಕೊಂಡವರಲ್ಲಿ ಕೊಡವರು, ಗೌಡರು, ಕಾಡಿನ ಜನ. ಅರಮನೆಯ ಬರವಣಿಗೆ ಕನ್ನಡ, ನಾಡಿನ ಮನೆಮಾತು ಬೇರೆ ಬೇರೆ. ಹೊರಗಿಂದ ಬಂದ ಮನೆತನಕ್ಕೆ ತಾನು ಇಲ್ಲಿಯ ಹಕ್ಕುದಾರ ಅಂತ ಬರೆದು ಇಡುವ ಅಗತ್ಯ ಒಳಗಿನವರಿಗಿಂತ ಜಾಸ್ತಿ ಇರುತ್ತದೆ ಅಲ್ವಾ.

ಅದಕ್ಕಿಂತಲೂ ದೊಡ್ಡ ಕಾರಣ ಮನೆಯೊಳಗೇ ಇತ್ತು. ಪಟ್ಟದ ರಾಣಿ ನಂಜಮ್ಮಾಜಿ 1807ರಲ್ಲಿ ತೀರಿಕೊಂಡಳು. ಅವಳಿಗೆ ಹೆಣ್ಣುಮಕ್ಕಳು ಮಾತ್ರ. ಹಿರಿಯವಳು ದೇವಮ್ಮಾಜಿ ಇನ್ನೂ ಎಳೆಯವಳು. ಅವಳಿಗೇ ಪಟ್ಟ ಆಗಬೇಕು, ಅದಕ್ಕೆ ಕಂಪನಿಯ ಒಪ್ಪಿಗೆ ಬೇಕು ಅಂತ ವೀರರಾಜೇಂದ್ರ ಕೂತಿದ್ದ. ಚರಿತ್ರೆ ನಿಲ್ಲುವುದೂ 1807ಕ್ಕೆ. 1808ರಲ್ಲೇ ಅದು ಇಂಗ್ಲಿಷಿಗೂ ಹೋಯಿತು. ಈ ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಹಳೇ ಕಥೆ ಹೇಳಬೇಕೆಂಬ ಆಸೆ ಅಲ್ಲ. ನೂರೆಪ್ಪತ್ತು ವರ್ಷದ ಮನೆತನ ಇದು, ನಿಮ್ಮ ಕಷ್ಟಕಾಲದ ಸ್ನೇಹಿತ ನಾನು, ನನ್ನ ಮಗಳ ಕೈ ಬಿಡಬೇಡಿ ಅಂತ ಕಂಪನಿ ಮುಂದೆ ಇಟ್ಟ ಅರ್ಜಿಯ ಹಾಗೆ ಕಾಣುತ್ತದೆ. ಬಹಳ ಉದ್ದದ ಅರ್ಜಿ.

ಅರ್ಜಿ ಕೆಲಸ ಮಾಡಲಿಲ್ಲ. 1809ರಲ್ಲಿ ರಾಜ ಸತ್ತ. ದೇವಮ್ಮಾಜಿಗೆ ಪಟ್ಟ ಕಟ್ಟಿದರು. 1811ರ ಹೊತ್ತಿಗೆ ಚಿಕ್ಕಪ್ಪ ಲಿಂಗರಾಜೇಂದ್ರ ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ಕೂತ. ಕಂಪನಿ ಸುಮ್ನೆ ನೋಡುತ್ತಾ ಇತ್ತು.

ಇನ್ನೊಂದು ಮಾತು. ‘ರಾಜೇಂದ್ರನಾಮೆ’ಯ ವೀರರಾಜೇಂದ್ರನಿಗೂ ಹರ್ಮನ್ ಮೊಗ್ಲಿಂಗ್ 1855ರಲ್ಲಿ ಪ್ರಕಟಿಸಿದ ಕೊಡಗಿನ ಪುಸ್ತಕದ ವೀರರಾಜೇಂದ್ರನಿಗೂ ಅಜಗಜಾಂತರ. ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆ ಹೊರಡಿಸಿದ ಅದೇ ಮೊಗ್ಲಿಂಗ್ ಇವರು. ಅವರ ಪುಸ್ತಕದಲ್ಲಿ ಕೊನೆಗಾಲದ ರಾಜ ಅನುಮಾನದ ಪಿಶಾಚಿ, ಸಿಕ್ಕವರನ್ನು ಕೊಲ್ಲಿಸುವವನು. ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಪುಸ್ತಕ ಬಂದಾಗ ಬ್ರಿಟಿಷರು ಕೊಡಗನ್ನು ನುಂಗಿ ಇಪ್ಪತ್ತೊಂದು ವರ್ಷ ಆಗಿತ್ತು. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿದ್ದಕ್ಕೆ ಕೊಟ್ಟ ಕಾರಣವೇ ರಾಜರ ಕ್ರೌರ್ಯ. ರಾಜರು ಕ್ರೂರಿಗಳಾದಷ್ಟೂ ಇಳಿಸಿದವರು ಸಾಚಾ ಆಗುತ್ತಾರೆ. ಹಾಗಾಗಿ ಎರಡನ್ನೂ ಓದಬೇಕು, ಒಂದನ್ನೇ ಹಿಡಿದು ಫೇಸ್‌ಬುಕ್ಕಿನಲ್ಲಿ ಕುಸ್ತಿಗೆ ಇಳಿಯಬಾರದು. ಈಗ ನಡೆಯುತ್ತಿರುವುದು ಅದೇ. ಒಬ್ಬರು ಮೊಗ್ಲಿಂಗ್ ತರುತ್ತಾರೆ, ಇನ್ನೊಬ್ಬರು ರಾಜೇಂದ್ರನಾಮೆ ತರುತ್ತಾರೆ, ಪುಟ ತೆರೆದವರು ಇಬ್ಬರಲ್ಲೂ ಕಾಣುವುದಿಲ್ಲ.

ಈಗ ತಮ್ಮನಿಗೆ ಬರೋಣ. ಲಿಂಗರಾಜೇಂದ್ರ ಆಳಿದ್ದು 1820ರವರೆಗೆ, ಒಂಬತ್ತು ವರ್ಷ ಮಾತ್ರ. ಅಣ್ಣನ ಹಾಗೆ ವೀರಗಾಥೆ ಬರೆಸಲು ಹೋಗಲಿಲ್ಲ. ಅಧಿಕಾರಿಗಳು ಹೇಗೆ ನಡೆದುಕೊಳ್ಳಬೇಕು ಅಂತ ಹುಕುಂನಾಮೆ ಬರೆಸಿದ. 1812ರಿಂದ ಗದ್ದೆಗದ್ದೆಯ ಲೆಕ್ಕ ಹಿಡಿಸಿದ. ನಾಡು, ಊರು, ಒಕ್ಕಲು, ಗದ್ದೆ ಎಷ್ಟು ಭಟ್ಟಿ, ಬಾಣೆ ಯಾವುದು, ಕಟ್ಟಬೇಕಾದ್ದು ಎಷ್ಟು. ಇದೇ ‘ಲಿಂಗರಾಜನ ಶಿಸ್ತು’. ಓದಲು ಇದರಷ್ಟು ನೀರಸವಾದ್ದು ಇನ್ನೊಂದಿಲ್ಲ. ಸಾಲುಸಾಲು ಹೆಸರು, ಸಾಲುಸಾಲು ಅಂಕಿ. ಆದರೆ ಅಣ್ಣ ಮಾಡಿಸಿದ ಚರಿತ್ರೆ ಎರಡೇ ವರ್ಷಕ್ಕೆ ಸೋತಿತು, ತಮ್ಮ ಮಾಡಿಸಿದ ಲೆಕ್ಕ ಇನ್ನೂರು ವರ್ಷದ ಮೇಲೂ ತಾಲ್ಲೂಕು ಆಫೀಸಿನಲ್ಲಿ, ಹೈಕೋರ್ಟಿನಲ್ಲಿ, ವಿಧಾನಸಭೆಯಲ್ಲಿ ಓಡಾಡುತ್ತಿದೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಕೊಡಗಿನಲ್ಲಿ ಗದ್ದೆ ಎರಡು ಬಗೆ. ಸಾಗು ಮತ್ತು ಜಮ್ಮಾ. ನೂರು ಭಟ್ಟಿ ಗದ್ದೆ ಅಂದರೆ ಸುಮಾರು ಮೂರು ಎಕರೆ. ಅದಕ್ಕೆ ಆಮೇಲಿನ ರೂಪಾಯಿ ಲೆಕ್ಕದಲ್ಲಿ ಸಾಗು ರೈತ ಹತ್ತು ರೂಪಾಯಿ ಕಟ್ಟಿದರೆ ಜಮ್ಮಾ ರೈತ ಕಟ್ಟುವುದು ಐದು. ಅರ್ಧ ರಿಯಾಯಿತಿ ಬಿಟ್ಟಿ ಅಲ್ಲ. ರಾಜ ಕರೆದಾಗ ಕೋವಿ, ಕತ್ತಿ ಹಿಡಿದು ಹೊರಡಬೇಕು. ಜಮ್ಮಾ ಭೂಮಿಯನ್ನು ಮನಸ್ಸಿಗೆ ಬಂದ ಹಾಗೆ ಮಾರುವಂತಿಲ್ಲ, ಅಡ ಇಡುವಂತಿಲ್ಲ, ಅದು ಒಬ್ಬನದಲ್ಲ, ಒಕ್ಕದ್ದು, ಅಂದರೆ ಒಂದೇ ಮೂಲದ ಇಡೀ ಕುಟುಂಬದ್ದು. ಗದ್ದೆಯ ಜೊತೆಗೆ ಮೇಲಿನ ಗುಡ್ಡದಲ್ಲಿ ಬಾಣೆ. ದನ ಮೇಯಿಸಲು, ಸೊಪ್ಪು ಕಡಿಯಲು, ಸೌದೆಗೆ. ಬಾಣೆಗೆ ಕಂದಾಯ ಇಲ್ಲ.

ಇಷ್ಟರವರೆಗೆ ಸರಳ. 1854ರಲ್ಲಿ ಮಡಿಕೇರಿ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದಿತು. ಆಮೇಲೆ ಬಾಣೆಯ ನೆರಳಿನಲ್ಲಿ ಕಾಫಿ ಚೆನ್ನಾಗಿ ಬರುತ್ತದೆ ಅಂತ ಎಲ್ಲರಿಗೂ ಗೊತ್ತಾಯಿತು. ದನ ಮೇಯುತ್ತಿದ್ದ ಗುಡ್ಡ ತೋಟವಾಯಿತು. ಸೊಪ್ಪಿನ ಜಾಗಕ್ಕೆ ಲಕ್ಷಗಟ್ಟಲೆ ಬೆಲೆ ಬಂತು. ಆಗ ಪ್ರಶ್ನೆ ಎದ್ದಿತು: ಬಾಣೆ ಯಾರದು? ರಾಜ ಕೊಟ್ಟದ್ದು ಜಾಗವನ್ನೋ, ಅದನ್ನು ಬಳಸುವ ಸವಲತ್ತನ್ನೋ? ಅದರ ಮೇಲಿನ ಮರ ಯಾರದು? 1899ರಲ್ಲಿ ಬ್ರಿಟಿಷರು ಕೊಡಗಿಗೇ ಅಂತ ಒಂದು ಭೂಕಂದಾಯ ರೆಗ್ಯುಲೇಷನ್ ಮಾಡಿದರು. ಸ್ವತಂತ್ರ ಬಂದಮೇಲೆ ರಾಜ್ಯದ ಕಂದಾಯ ಕಾನೂನು ಬಂತು. 2011ರಲ್ಲಿ ಜಮ್ಮಾ ಬಾಣೆಗಾಗಿಯೇ ಆ ಕಾನೂನಿಗೆ ತಿದ್ದುಪಡಿ ಆಯಿತು. ಪ್ರಶ್ನೆ ಮಾತ್ರ ಪೂರ್ತಿ ಬಗೆಹರಿದಿಲ್ಲ.

ಒಂದು ಪಹಣಿಯನ್ನು ಹತ್ತಿರದಿಂದ ನೋಡಿ. ಜಮ್ಮಾ ಪಹಣಿಯಲ್ಲಿ ಪಟ್ಟೆದಾರನ ಹೆಸರು ಇರುತ್ತದೆ. ಪಟ್ಟೆದಾರ ಅಂದರೆ ಒಕ್ಕದ ಹಿರಿಯ. ಅನೇಕ ಕಡೆ ಆ ಹಿರಿಯ ತೀರಿಹೋಗಿ ಎರಡು ತಲೆಮಾರು ಕಳೆದಿದೆ. ಅವನ ಹೆಸರಿನ ಕೆಳಗೆ ಈಗ ನಿಜವಾಗಿ ತೋಟ ಮಾಡುತ್ತಿರುವ ಹತ್ತೋ ಹದಿನೈದೋ ಮನೆಗಳು. ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಸೈನ್ಯದಲ್ಲಿ, ಒಬ್ಬಳು ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದವಳು. ಊರಲ್ಲಿ ಇರುವವನು ಕಾಳುಮೆಣಸಿಗೆ ಸಾಲ ಬೇಕು ಅಂತ ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಪಹಣಿ ತಿರುಗಿಸಿ ನೋಡುತ್ತಾನೆ, ‘ಇದರಲ್ಲಿ ನಿಮ್ಮ ಹೆಸರೆಲ್ಲಿದೆ’ ಅಂತಾನೆ. ಅವನದೂ ತಪ್ಪಲ್ಲ. ಮಳೆಗೆ ಬಿದ್ದ ಮರ ಸಾಗಿಸಲು ಹೋದರೆ ಇನ್ನೊಂದು ಇಲಾಖೆಯವರು ಬಾಣೆ ರಿಡೀಮ್ಡ್ ಆಗಿದೆಯಾ ಇಲ್ಲವಾ ಅಂತ ಕೇಳುತ್ತಾರೆ. ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಯಾವ ಕಾಲದಲ್ಲೋ ಯಾರೋ ಕಟ್ಟಿದ್ದರಾ ಅಂತ. ಆ ರಸೀದಿ ಐನ್‌ಮನೆಯ (ಒಕ್ಕದ ಮೂಲಮನೆಯ) ಪೆಟ್ಟಿಗೆಯಲ್ಲಿ ಇದ್ದರೆ ಪುಣ್ಯ, ಇಲ್ಲದಿದ್ದರೆ ನಕಲಿಗೆ ಅಲೆಯಬೇಕು, ರೆಕಾರ್ಡ್ ರೂಮಿನಲ್ಲಿ ಬಟ್ಟೆ ಕಟ್ಟಿದ ಕಡತದ ರಾಶಿಯಲ್ಲಿ ಅದು ಸಿಗುವ ದಿನ ಯಾವುದೋ ಅಂತ ಕಾಯಬೇಕು.

ಜಮ್ಮಾ ಅಂದಕೂಡಲೇ ಕೊಡವರು ಅಂದುಕೊಳ್ಳುವವರು ಬಹಳ. ಹಾಗಲ್ಲ. ಅರೆಭಾಷೆ ಗೌಡರಲ್ಲಿ ಜಮ್ಮಾ ಇದೆ, ಇನ್ನೂ ಕೆಲವು ಸಮುದಾಯದವರಲ್ಲೂ ಇದೆ. ಯಾರಲ್ಲಿ ಇಲ್ಲ ಅನ್ನುವುದೇ ಮುಖ್ಯವಾದ ಪ್ರಶ್ನೆ. ಹತ್ತೊಂಬತ್ತನೇ ಶತಮಾನದ ಬರಹಗಳಲ್ಲಿ ‘ಭೂಮಿ ಜಮ್ಮದ ಹೊಲೆಯರು’, ‘ಒಕ್ಕಲು ಜಮ್ಮದ ಹೊಲೆಯರು’ ಅಂತ ಎರಡು ಗುಂಪಿನ ಮಾತು ಬರುತ್ತದೆ. ಮೊದಲನೆಯವರು ಗದ್ದೆಯ ಜೊತೆ ಬರುವವರು, ಎರಡನೆಯವರು ಮನೆಯ ಸೊತ್ತು, ಮಾರಬಹುದಾದವರು. ಗದ್ದೆಯನ್ನು ಮಾರುವಂತಿರಲಿಲ್ಲ, ಮನುಷ್ಯರನ್ನು ಮಾರಬಹುದಿತ್ತು. ಕಾನೂನಿನಲ್ಲಿ ಜೀತದ ಆ ರೂಪ 1843ರ ಕಾಯ್ದೆಯಿಂದ ಹೋಯಿತು. ಭೂಮಿ ಮಾತ್ರ ಅವರಿಗೆ ಬರಲಿಲ್ಲ. ಜಮ್ಮಾ ಪರಂಪರೆ ಅಂತ ಹೆಮ್ಮೆಯಿಂದ ಮಾತಾಡುವ ಎಷ್ಟೋ ಭಾಷಣ ಕೇಳಿದ್ದೇನೆ. ಈ ಅರ್ಧವನ್ನು ಹೇಳಿದವರು ತೀರಾ ಕಡಿಮೆ. ಮೊಗ್ಲಿಂಗ್ ಮೇಲೆ ನನಗೆ ತಕರಾರುಗಳಿವೆ, ಆದರೆ ಅಮ್ಮತ್ತಿ ಹತ್ತಿರ ಆನಂದಪುರದಲ್ಲಿ ಈ ಜನರ ಜೊತೆ ಕೂತವರೂ ಅವರೇ ಅನ್ನುವುದನ್ನು ಮರೆಯಬಾರದು.

ಕೋವಿಯ ವಿಷಯ ಬೇಗ ಮುಗಿಸುತ್ತೇನೆ. 1857ರ ದಂಗೆಯ ನಂತರ ಬ್ರಿಟಿಷರು ಎಲ್ಲರ ಆಯುಧ ಕಿತ್ತುಕೊಂಡರು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್, ಕೊಡಗಿನವರು ನಿಷ್ಠೆಯಿಂದ ಇದ್ದರು ಅಂತ ಅವರಿಗೆ ವಿನಾಯಿತಿ ಕೊಟ್ಟರು. ಅದೇ ವಿನಾಯಿತಿ ಸ್ವತಂತ್ರ ಭಾರತದ ಆಯುಧ ಕಾಯ್ದೆಯಲ್ಲೂ ಮುಂದುವರಿಯಿತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡಿಯಿತು. ತಮಾಷೆ ಏನು ಗೊತ್ತಾ? ಇದೇ ಕೊಡಗಿನಲ್ಲಿ 1837ರಲ್ಲಿ ಕಂಪನಿ ವಿರುದ್ಧ ದಂಗೆ ಎದ್ದಿತ್ತು, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದ್ದರು. ನಾವು ದಂಗೆಯನ್ನೂ ನೆನೆಯುತ್ತೇವೆ, ನಿಷ್ಠೆಗೆ ಸಿಕ್ಕ ಬಹುಮಾನವನ್ನೂ ಬಿಡುವುದಿಲ್ಲ. ಎರಡೂ ನಮ್ಮದೇ.

ಈಗ 1952. ರಾಜಕಾರಣಿಗಳು ಪೆನ್ನು ಹಿಡಿದ ಕಾಲ ಅಂದರೆ ನಿಜವಾಗಿ ಇದೇ.

ಕೊಡಗು ಆಗ ‘ಸಿ’ ದರ್ಜೆಯ ರಾಜ್ಯ, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ಸಣ್ಣ ರಾಜ್ಯ. 1951ರ ಜನಗಣತಿಯಲ್ಲಿ ಸುಮಾರು 2.29 ಲಕ್ಷ ಜನ. 24 ಜನರ ವಿಧಾನಸಭೆ, ಇಬ್ಬರೇ ಮಂತ್ರಿಗಳು. ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ, ಇನ್ನೊಬ್ಬರು ಕುಟ್ಟೂರು ಮಲ್ಲಪ್ಪ. ಪೂಣಚ್ಚ ಸಂವಿಧಾನ ರಚನಾ ಸಭೆಯಲ್ಲಿ ಕೊಡಗಿನ ಸದಸ್ಯರಾಗಿ ಕೂತಿದ್ದವರು. ಆಮೇಲೆ ಕೇಂದ್ರದಲ್ಲಿ ರೈಲ್ವೆ ಮಂತ್ರಿಯೂ ಆದರು. ರೈಲ್ವೆ ಮಂತ್ರಿಯನ್ನು ಕೊಟ್ಟ ಕೊಡಗಿಗೆ ಇವತ್ತಿಗೂ ಒಂದು ಇಂಚು ರೈಲು ಹಳಿ ಇಲ್ಲ. ಬೇಕಾ ಬೇಡವಾ ಅನ್ನುವ ಜಗಳವಂತೂ ಜೋರಾಗಿದೆ, ಅದು ಬೇರೆ ಕಥೆ.

ಎದುರಿಗಿದ್ದವರು ಪಂದ್ಯಂಡ ಬೆಳ್ಳಿಯಪ್ಪ. ಕೊಡಗಿನ ಗಾಂಧಿ ಅಂತ ಜನ ಕರೆದವರು, ಸ್ವಾತಂತ್ರ್ಯ ಹೋರಾಟಗಾರ, ‘ಕೊಡಗು’ ಪತ್ರಿಕೆಯ ಸಂಪಾದಕ. ಕಾಂಗ್ರೆಸ್ಸಿಗೆ ಮೈಸೂರಿನ ಜೊತೆ ವಿಲೀನ ಬೇಕಿತ್ತು. ಬೆಳ್ಳಿಯಪ್ಪನವರಿಗೆ ಬೇಡವಾಗಿತ್ತು. ಅವರ ಗುಂಪಿನ ಗುರುತು ತಕ್ಕಡಿ, ಹಾಗಾಗಿ ತಕ್ಕಡಿ ಪಾರ್ಟಿ. 24ರಲ್ಲಿ ಕಾಂಗ್ರೆಸ್ 15 ಗೆದ್ದಿತು, ತಕ್ಕಡಿ 9.

ಈ ಎರಡು ಅಂಕಿಯನ್ನು ಬಾಯಿಪಾಠ ಮಾಡಿಕೊಳ್ಳಬೇಕು ಅಂತ ನಾನು ಹೇಳುವುದು. ಯಾಕೆಂದರೆ ಈಗ ಎರಡು ಕಥೆ ಓಡುತ್ತಿವೆ. ಕೊಡಗನ್ನು ಯಾರನ್ನೂ ಕೇಳದೆ ಮೈಸೂರಿಗೆ ಕಟ್ಟಿಹಾಕಿದರು ಅನ್ನುವುದು ಒಂದು. ಕೊಡಗಿನವರೆಲ್ಲ ಖುಷಿಯಿಂದ ಓಡಿಬಂದು ಸೇರಿದರು ಅನ್ನುವುದು ಇನ್ನೊಂದು. ಎರಡೂ ಸುಳ್ಳು. ವಿಲೀನದ ಪಕ್ಷ ಚುನಾವಣೆಯಲ್ಲೇ ಗೆದ್ದಿತು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಸೀಟು ಬೇಡ ಅಂದವರಿಗೂ ಸಿಕ್ಕಿತು. ಬೇಡ ಅಂದವರು ಯಾರೋ ಮೂಲೆಯ ಸಿಡುಕರೂ ಅಲ್ಲ, ಗಾಂಧಿ ಟೋಪಿ ಹಾಕಿ ಜೈಲಿಗೆ ಹೋಗಿಬಂದವರು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಕೊಡಗನ್ನು ಕರ್ನಾಟಕಕ್ಕೆ ಸೇರಿಸಿ ಅಂದಿತು. 1956ರ ನವೆಂಬರ್ 1ಕ್ಕೆ ಕೊಡಗು ರಾಜ್ಯ ಜಿಲ್ಲೆಯಾಯಿತು.

ಅದೇ 1952ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಪುಸ್ತಕ ಪ್ರಕಟಿಸಿದರು, ಅದರಿಂದ ಕೊಡವರ ಒಕ್ಕ ದೇಶವಿದೇಶದ ಪಾಠಪುಸ್ತಕ ಸೇರಿತು. ಅದಕ್ಕೂ ಮೊದಲು, 1924ರಲ್ಲಿ, ನಡಿಕೇರಿಯಂಡ ಚಿಣ್ಣಪ್ಪ ‘ಪಟ್ಟೋಲೆ ಪಳಮೆ’ ತಂದಿದ್ದರು. ನಾಲ್ಕು ಜನ ದುಡಿ ಹಿಡಿದು ಹಾಡುತ್ತಿದ್ದ ಬಾಳೋಪಾಟ್, ಗಾದೆ, ಕಟ್ಟುಪಾಡು, ಎಲ್ಲ ಕೊಡವ ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ. ಅಧಿಕಾರಕ್ಕಾಗಿ ಬರೆಯದ ಪುಸ್ತಕ ನಮ್ಮಲ್ಲಿ ಒಂದಿದ್ದರೆ ಅದು ಇದೇ ಅಂತ ನನಗನ್ನಿಸುತ್ತದೆ. ಆದರೆ ಕೋರ್ಟಿಗೆ ಹಾಡು ತೆಗೆದುಕೊಂಡು ಹೋಗಲು ಆಗುವುದಿಲ್ಲ, ಶಿಸ್ತಿನ ನಕಲೇ ಬೇಕು.

ಈಗಿನ ಸೀಟಿನ ಪ್ರಶ್ನೆಗೆ ಬರೋಣ. 24 ಶಾಸಕರಿದ್ದ ಊರಿಗೆ 2008ರವರೆಗೆ ಮೂವರು: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. ಆಮೇಲೆ ಇಬ್ಬರು. ತಾಲ್ಲೂಕು ಮೂರಿದ್ದದ್ದು ಕುಶಾಲನಗರ, ಪೊನ್ನಂಪೇಟೆ ಸೇರಿ ಐದಾಯಿತು, ಶಾಸಕರು ಮೂರಿದ್ದವರು ಎರಡಾದರು. ಲೋಕಸಭೆಗೆ 1952ರಲ್ಲಿ ಕೊಡಗಿಗೇ ಒಂದು ಸೀಟಿತ್ತು, ನಿಡ್ಯಮಲೆ ಸೋಮಣ್ಣ ಗೆದ್ದಿದ್ದರು. ಆಮೇಲೆ ದಶಕಗಟ್ಟಲೆ ಮಂಗಳೂರಿನ ಬಾಲ. 2009ರಿಂದ ಮೈಸೂರಿನ ಬಾಲ. ಎಂಟು ವಿಧಾನಸಭಾ ಕ್ಷೇತ್ರದಲ್ಲಿ ಆರು ಮೈಸೂರು ಜಿಲ್ಲೆಯವು. ಅಭ್ಯರ್ಥಿ ಮಡಿಕೇರಿಗೆ ಬರುವುದೇ ಓಟಿನ ಹೊತ್ತಿನಲ್ಲಿ ಅನ್ನುವ ದೂರು ಎಲ್ಲ ಪಕ್ಷದವರ ಬಾಯಲ್ಲೂ ಇದೆ.

ಹೊಸ ಜನಗಣತಿಯ ನಂತರ ಕ್ಷೇತ್ರ ಮರುವಿಂಗಡಣೆ ಆಗುತ್ತದೆ ಅನ್ನುವಾಗ ಈ ಕೂಗು ಮತ್ತೆ ಎದ್ದಿದೆ. ಇಲ್ಲಿ ಒಂದು ಕಹಿ ಲೆಕ್ಕ ಹೇಳಲೇಬೇಕು. 2011ರಲ್ಲಿ ಕೊಡಗಿನ ಜನಸಂಖ್ಯೆ 5,54,519. ಹತ್ತು ವರ್ಷದ ಹಿಂದೆ 5,48,561 ಇತ್ತು. ಬೆಳೆದದ್ದು ನೂರಕ್ಕೆ ಒಂದು ಚಿಲ್ಲರೆ. ಅದೇ ಹತ್ತು ವರ್ಷದಲ್ಲಿ ಕರ್ನಾಟಕ ಬೆಳೆದದ್ದು ನೂರಕ್ಕೆ ಹದಿನೈದಕ್ಕಿಂತ ಜಾಸ್ತಿ. ಕೊಡಗಿನ ಒಬ್ಬ ಶಾಸಕನ ಪಾಲಿಗೆ ಸುಮಾರು 2.77 ಲಕ್ಷ ಜನ ಬರುತ್ತಾರೆ. ಇಡೀ ರಾಜ್ಯದ 6.11 ಕೋಟಿಯನ್ನು 224ರಿಂದ ಭಾಗಿಸಿದರೆ 2.73 ಲಕ್ಷ. ಅಂದರೆ ತಲೆ ಎಣಿಸಿದರೆ ಕೊಡಗಿಗೆ ಅನ್ಯಾಯ ಆಗಿದೆ ಅಂತ ಹೇಳಲು ಆಗುವುದಿಲ್ಲ. ಮುಂದಿನ ಲೆಕ್ಕದಲ್ಲಿ ಇರುವ ಎರಡೂ ಗಟ್ಟಿಯಾಗಿ ಉಳಿಯುತ್ತವೆ ಅನ್ನುವ ಧೈರ್ಯವೂ ನನಗಿಲ್ಲ.

ಹಾಗಾದರೆ ವಾದಕ್ಕೆ ಬಲ ಎಲ್ಲಿದೆ? ಜಾಗದಲ್ಲಿದೆ. 4,100 ಚದರ ಕಿಲೋಮೀಟರ್, ಚದರ ಕಿಲೋಮೀಟರಿಗೆ 135 ಜನ. ಮಳೆಗಾಲದಲ್ಲಿ ರಸ್ತೆ ಕುಸಿದರೆ ಒಂದೊಂದು ಊರು ಒಂದೊಂದು ದ್ವೀಪ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದಾಗ ಇದನ್ನು ಎಲ್ಲರೂ ಕಂಡರು. ಗುಡ್ಡಗಾಡಿಗೆ, ಕಾವೇರಿ ಹುಟ್ಟುವ ಜಾಗಕ್ಕೆ ಬೇರೆ ಅಳತೆ ಬೇಕು ಅಂತ ಕೇಳಿದರೆ ಅದು ಗಟ್ಟಿ ವಾದ. ಆದರೆ ನಮ್ಮವರು ಕೇಳುವುದು ಬಹುತೇಕ ‘ನಾವು ಒಂದು ಕಾಲಕ್ಕೆ ರಾಜ್ಯ ಆಗಿದ್ದೆವು’ ಅಂತ. ಅದನ್ನು ಕೇಳಿ ದೆಹಲಿಯಲ್ಲಿ ಯಾರೂ ಕರಗುವುದಿಲ್ಲ. ‘ಸಿ’ ದರ್ಜೆಯ ರಾಜ್ಯಗಳು ಇನ್ನೂ ಎಷ್ಟೋ ಇದ್ದವು, ಅಜ್ಮೇರ್, ಭೋಪಾಲ್ ಎಲ್ಲ ಅವೇ.

ಕೊಡವ ನ್ಯಾಷನಲ್ ಕೌನ್ಸಿಲ್ ಮೂರು ದಶಕದಿಂದ ಸ್ವಾಯತ್ತ ಕೊಡವ ಲ್ಯಾಂಡ್ ಕೇಳುತ್ತಿದೆ. ಭಾಷೆ, ಸಂಸ್ಕೃತಿ, ನೆಲ ಉಳಿಯಬೇಕು ಅನ್ನುವ ಆತಂಕ ಸುಳ್ಳಲ್ಲ. ಕೊಡವ ತಕ್ಕ್ (ಕೊಡವ ಭಾಷೆ) ಮಾತಾಡುವವರು 2011ರ ಗಣತಿಯಲ್ಲಿ 1.13 ಲಕ್ಷದ ಆಸುಪಾಸು, 2001ರಲ್ಲಿ 1.66 ಲಕ್ಷ ಇದ್ದರು. ಹೀಗೆ ಇಳಿದರೆ ಯಾರಿಗಾದರೂ ಹೆದರಿಕೆ ಆಗುತ್ತದೆ. ಆದರೆ ಜಿಲ್ಲೆಯಲ್ಲಿ ಉಳಿದ ನಾಲ್ಕು ಲಕ್ಷ ಚಿಲ್ಲರೆ ಜನ ಇದ್ದಾರಲ್ಲ. ಅರೆಭಾಷೆಯವರು, ಬ್ಯಾರಿಗಳು, ಮಲಯಾಳಿಗಳು, ಉತ್ತರ ಕೊಡಗಿನ ಲಿಂಗಾಯತರು, ಒಕ್ಕಲಿಗರು, ದಲಿತರು, ತೋಟದ ಲೈನ್ ಮನೆಗಳವರು. ಬೆಳ್ಳಿಯಪ್ಪನವರ ಗುಂಪು ಬೇಡ ಅಂದದ್ದು ಇಡೀ ಕೊಡಗಿನ ಹೆಸರಿನಲ್ಲಿ. ಈಗಿನ ಬೇಡಿಕೆ ಒಂದು ಜನಾಂಗದ ಹೆಸರು ಹೊತ್ತಿದೆ. ಎರಡನ್ನೂ ಒಂದೇ ದಾರಕ್ಕೆ ಪೋಣಿಸಿ 1952ರ ಮುಂದುವರಿಕೆ ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಬೈಯುವವರು ಬೈಯಲಿ.

ಕಾಗದವೇ ಇಲ್ಲದವರ ಕಥೆ ಇನ್ನೂ ಬೇರೆ. ಜಿಲ್ಲೆಯಲ್ಲಿ ನೂರಕ್ಕೆ ಸುಮಾರು ಹತ್ತು ಜನ ಪರಿಶಿಷ್ಟ ಪಂಗಡದವರು. ಯರವರು, ಜೇನುಕುರುಬರು, ಬೆಟ್ಟಕುರುಬರು, ಕುಡಿಯರು. ಶಿಸ್ತಿನಲ್ಲಿ ಹುಡುಕಿದರೂ ಇವರಿಗೆ ಒಂದು ಸಾಲು ಭೂಮಿ ಸಿಗುವುದು ಕಷ್ಟ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಕುಟುಂಬಗಳ ಗುಡಿಸಲು ಕಿತ್ತುಹಾಕಿದರು. ಆಗ ಅವರ ಪರ ನಿಂತವರಲ್ಲಿ ಎ.ಕೆ. ಸುಬ್ಬಯ್ಯ ಒಬ್ಬರು. ಕೊಡಗಿನ ರಾಜಕಾರಣದಲ್ಲಿ ಮಾತು, ಬರಹ, ಕಾನೂನು ಮೂರರಲ್ಲೂ ಪಳಗಿದ ಇಂಥ ಇನ್ನೊಬ್ಬರನ್ನು ನಾನು ಕಾಣೆ. ರಾಜ್ಯ ಬಿಜೆಪಿಯ ಮೊದಲ ಅಧ್ಯಕ್ಷರು, ಅದೇ ಪಕ್ಷದ ಕಟು ಟೀಕಾಕಾರರಾಗಿ 2019ರಲ್ಲಿ ತೀರಿಕೊಂಡವರು, ನಡುವೆ ತಮ್ಮದೇ ಜಿಲ್ಲೆಯ ಮುಖ್ಯಮಂತ್ರಿ ಗುಂಡೂರಾವ್ ಅವರ ನಿದ್ದೆಗೆಡಿಸಿದವರು. ಅವರ ಪೂರ್ತಿ ರಾಜಕೀಯವನ್ನು ಒಪ್ಪಬೇಕಾಗಿಲ್ಲ. ಜಮ್ಮಾ ಒಕ್ಕದಲ್ಲಿ ಹುಟ್ಟಿದ ವಕೀಲರೊಬ್ಬರು ಪಹಣಿಯೇ ಇಲ್ಲದವರ ಗುಡಿಸಲ ಮುಂದೆ ಹೋಗಿ ಕೂತದ್ದು ಸಣ್ಣ ವಿಷಯ ಅಲ್ಲ. ದಿಡ್ಡಳ್ಳಿಯವರಿಗೆ ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು, ಅವರು ಕೇಳಿದ ಜಾಗದಲ್ಲಲ್ಲ.

2025ರ ಮೇ ತಿಂಗಳಲ್ಲಿ ನಾಗರಹೊಳೆ ಕಾಡಿನೊಳಗಿನ ಕರಡಿಕಲ್ಲು ಹಾಡಿಗೆ (ಹಾಡಿ ಅಂದರೆ ಕಾಡಿನ ಜನರ ವಸತಿ) ಜೇನುಕುರುಬ ಕುಟುಂಬಗಳು ವಾಪಸ್ಸು ಹೋಗಿ ಕೂತವು. ಇದು ನಮ್ಮ ಅಜ್ಜಂದಿರ ಜಾಗ, ಇಲ್ಲೇ ನಮ್ಮ ದೇವರು, ಇಲ್ಲೇ ನಮ್ಮ ಸಮಾಧಿ ಅಂದವು. ಅರಣ್ಯ ಇಲಾಖೆ ಒಪ್ಪಲಿಲ್ಲ. ಇಲ್ಲಿ ಕಾನೂನಿನ ಒಂದು ವಿವರ ಬಹಳ ಜನರಿಗೆ ಗೊತ್ತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ, ಅರ್ಜಿದಾರರಲ್ಲದ ಹಿರಿಯರು ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿ. ಸಮಾಧಿ, ದೇವರ ಜಾಗ, ಹಳೇ ಬಾವಿ, ಇವೂ ಸಾಕ್ಷಿ. ಅಂದರೆ ಇನ್ನೂರು ವರ್ಷದಿಂದ ಕೊಡಗಿನಲ್ಲಿ ರಾಜನ ಕಾಗದಕ್ಕೆ ಮಾತ್ರ ಇದ್ದ ಬೆಲೆಯನ್ನು ಈ ಕಾಯ್ದೆ ಹಾಡಿಯ ಅಜ್ಜಿಯ ಮಾತಿಗೂ ಕೊಟ್ಟಿದೆ.

ಕಾಯ್ದೆ ಕೊಟ್ಟಿದೆ ಸರಿ, ಕಚೇರಿ ಕೊಡಬೇಕಲ್ಲ. ಜಮ್ಮಾ ಪಹಣಿ ತಿದ್ದಿಕೊಡಿ ಅಂತ ಮಡಿಕೇರಿಗೆ ಹೋಗುವ ನಮ್ಮವರು, ತಮ್ಮ ವಾದಕ್ಕೆ ಆಧಾರ ಒಬ್ಬ ರಾಜನ ಗುಮಾಸ್ತರು ಊರೂರು ಸುತ್ತಿ, ಜನ ಹೇಳಿದ್ದನ್ನು ಕೇಳಿ ಬರೆದುಕೊಂಡ ಲೆಕ್ಕ ಅನ್ನುವುದನ್ನು ಯೋಚಿಸಬೇಕು. ಶಿಸ್ತೂ ಮೊದಲಿಗೆ ಬಾಯಿಮಾತೇ. ಬರೆದುಕೊಳ್ಳುವವನು ಯಾರ ಮನೆಯ ಜಗಲಿಗೆ ಬಂದ, ಯಾರ ಹಾಡಿಗೆ ಬರಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ. ಜಮ್ಮಾ ಬಾಣೆಯ ವಿಷಯಕ್ಕೆ ಇನ್ನೊಂದು ಸಮಿತಿಯೋ ತಿದ್ದುಪಡಿಯೋ ಬಂದಾಗ ಹಾಡಿಗಳ ಅರ್ಜಿಯೂ ಅದೇ ಮೇಜಿನ ಮೇಲೆ ಇರಲಿ ಅಂತ ಕೇಳುವ ಸಂಘಟನೆ ಕೊಡಗಿನಲ್ಲಿ ಯಾವುದಾದರೂ ಇದ್ದರೆ ಅದರ ಸಭೆಗೆ ನಾನೂ ಬರುತ್ತೇನೆ.